ಕಿವಿ ನಿಮಗೇ ಇರಲಿ

ಹೊಟ್ಟೆಯೊಳಗಿನ ಮಗುವಿನ ಎದೆಬಡಿತವನ್ನು ಹೆರಿಗೆ ನರ್ಸ್ ನ್ಯಾಸೋಕೋ ಯಾವಾಗಲೂ ಕೊಳವೆಯಿಟ್ಟು ಎಡಗಿವಿಯಿಂದಲೇ ಕೇಳುತ್ತಿದ್ದರು. ತುತ್ತೂರಿಯಂತೆ ಒಂದು ಕಡೆ ಅಗಲವಾದ, ಗೇಣುದ್ದದ ಮರದ ಕೊಳವೆ ಅದು. ಅಗಲವಾದ ಬಾಯಿಯನ್ನು ಗರ್ಭಿಣಿಯ ಹೊಟ್ಟೆಯ ಮೇಲಿಟ್ಟು, ಇನ್ನೊಂದು ತುದಿಗೆ ಕಿವಿ ಒತ್ತಿ, ಕೊಳವೆಯಿಂದ ಕೈ ತೆಗೆದುಬಿಡುತ್ತಿದ್ದರು. ಬಿಡುವಾದ ಕೈಯಲ್ಲಿ ತಾಯಿಯ ಮಣಿಕಟ್ಟು ಹಿಡಿದು ಅವಳ ನಾಡಿಯನ್ನೂ ನೋಡುತ್ತಿದ್ದರು. ಎರಡು ಬಡಿತಗಳೂ ಬೇರೆ ಬೇರೆಯಾಗಿರಬೇಕು. ಒಂದೇ ಆಗಿದ್ದರೆ ನೀನು ಕೇಳುತ್ತಿರುವುದು ಮಗುವನ್ನಲ್ಲ, ತಾಯಿಯನ್ನು. ಹೀಗೆಂದು ಅವರಿಂದ ಕಲಿತ ಹುಡುಗಿಯರು ಈಗ ಉತ್ತರ ಮಲಾವಿಯ ಹೆರಿಗೆ ವಾರ್ಡುಗಳಲ್ಲೆಲ್ಲ ಇದ್ದಾರೆ. ನಮ್ಮ ಆಸ್ಪತ್ರೆಯ ಮೇಟ್ರನ್ ತವೊಂಗಾ ಕೂಡ ಅವರಲ್ಲಿ ಒಬ್ಬರು.

ಟ್ರಿಫೀನಾ ಸೋಕೋ ಎಂಬುದು ಅವರ ಹೆಸರು. ಮದುವೆಯಾದ ಹೆಂಗಸನ್ನು ತವರಿನ ಕುಲದ ಹೆಸರಿನಿಂದ ಕರೆಯುವುದೇ ಮರ್ಯಾದೆ. ಆದ್ದರಿಂದ ನ್ಯಿರೆಂಡಾ ಮೇಷ್ಟ್ರ ಮನೆ ಸೇರಿ ಮೂವತ್ತು ವರ್ಷ ದಾಟಿದ್ದರೂ ಅವರು ನಮಗೆಲ್ಲ ಸೋಕೋ ಮನೆಯ ಮಗಳು, ನ್ಯಾಸೋಕೋ. ತಂದೆ ರುಂಫಿ ಪೇಟೆಯಲ್ಲಿ ಒಂದು ಮಾವಿನ ಮರದ ಕೆಳಗೆ ಸೈಕಲ್ ರಿಪೇರಿ ಮಾಡುತ್ತಿದ್ದರು. ಚಕ್ರದ ಕಡ್ಡಿಗಳನ್ನು ಬೆರಳಿನಿಂದ ಮೀಟಿ, ಯಾವುದು ಸಡಿಲ ಎಂದು ಸದ್ದಿನಿಂದಲೇ ಕಂಡುಹಿಡಿಯುತ್ತಿದ್ದರಂತೆ. ಚಕ್ರ ಹಿಡಿದು ಕೂರುವ ಕೆಲಸ ಮಗಳದು. ಸದ್ದನ್ನು ಕೇಳಲು ಅವರು ಕಲಿತದ್ದು ನರ್ಸಿಂಗ್ ಶಾಲೆಗೆ ಹೋಗುವ ಮೊದಲೇ, ಆ ಮಾವಿನ ಮರದ ಕೆಳಗೆ.

ಆ ಕಿವಿ ಮಂದವಾಗುತ್ತ ಬಂದದ್ದು ಮೊದಲು ಗೊತ್ತಾದದ್ದು ಮೇಷ್ಟ್ರಿಗೆ. ಮನೆಯ ರೇಡಿಯೋದ ಸದ್ದು ತಿಂಗಳಿನಿಂದ ತಿಂಗಳಿಗೆ ಏರಿತು. ನೆರೆಯವರು ಕೇಳಿದರೆ, ಈಗೀಗ ನಮ್ಮ ಮೇಕೆಗಳೂ ವಾರ್ತೆ ಕೇಳುತ್ತವೆ ಎನ್ನುತ್ತಿದ್ದರು. ಹೆಂಡತಿಗೆ ಮಾತ್ರ ಏನೂ ಹೇಳಲಿಲ್ಲ.

ಎರಡನೆಯದಾಗಿ ಗೊತ್ತಾದದ್ದು ವೆಜಿಗೆ. ವೆಜಿ ಮುಂತಾಲಿ ಹೆರಿಗೆ ವಾರ್ಡಿಗೆ ಬಂದು ಎರಡು ವರ್ಷವಾಗಿದ್ದ ನರ್ಸ್. ತೆಳ್ಳಗೆ, ಉದ್ದಕ್ಕೆ, ಮಾತು ಕಡಿಮೆ. ಒಂದು ಬೆಳಿಗ್ಗೆ ನ್ಯಾಸೋಕೋ ಕೇಳಿ ಬರೆಸಿದ ಅಂಕಿಗೂ ತಾನು ಆಮೇಲೆ ಕೇಳಿದ್ದಕ್ಕೂ ಹೊಂದಲಿಲ್ಲ. ಮರುದಿನವೂ ಹೊಂದಲಿಲ್ಲ. ಇಲ್ಲಿ ಬೇರೆ ಯಾವ ದೇಶದ ಹುಡುಗಿಯಾದರೂ ಏನು ಮಾಡುತ್ತಿದ್ದಳೋ ಗೊತ್ತಿಲ್ಲ. ಹಿರಿಯರಿಗೆ ಊಟ ಕೊಡುವಾಗ, ಮಾತಾಡಿಸುವಾಗ ಮಂಡಿಯೂರಿ ಬೆಳೆದ ನಮ್ಮ ಹುಡುಗಿ, ತಾಯಿಗಿಂತ ದೊಡ್ಡವರಾದ, ತನಗೆ ವಿದ್ಯೆ ಕೊಟ್ಟ ಹೆಂಗಸಿಗೆ ‘ನಿಮಗೆ ಕೇಳಿಸಲಿಲ್ಲ’ ಎಂದು ಹೇಳುವುದುಂಟೆ? ಅವಳು ಕಂಡುಕೊಂಡ ದಾರಿ ಇದು: ನ್ಯಾಸೋಕೋ ಕೇಳಿ ಮುಗಿಸಿ ಆ ಕಡೆ ತಿರುಗಿದ ಕೂಡಲೇ ತಾನು ಸದ್ದಿಲ್ಲದೆ ಇನ್ನೊಮ್ಮೆ ಕೇಳುವುದು, ತನ್ನ ಅಂಕಿಯನ್ನೇ ಚಾರ್ಟಿನಲ್ಲಿ ಬರೆಯುವುದು. ಬಡಿತ ನಿಧಾನವಾಗಿದ್ದರೆ, ‘ಅಮ್ಮಾ, ಈಕೆ ತುಂಬ ಸುಸ್ತಾಗಿದ್ದಾಳೆ, ಎಡಕ್ಕೆ ಹೊರಳಿಸೋಣವಾ’ ಎಂದು ಬೇರೇನೋ ನೆವ ಹೇಳುವುದು. ಕೆಲವೇ ವಾರಗಳಲ್ಲಿ ವಾರ್ಡಿನ ಉಳಿದ ನರ್ಸುಗಳೂ ಹಾಗೇ ಮಾಡತೊಡಗಿದರು. ಯಾರೂ ಯಾರೊಂದಿಗೂ ಅದನ್ನು ಮಾತಾಡಿರಲಿಲ್ಲ.

ಸದ್ದನ್ನು ಜೋರಾಗಿ ಕೇಳಿಸುವ ಯಂತ್ರ ಒಂದಿತ್ತು. ಅದು ಕೆಳಗೆ ಬಿದ್ದು ಒಡೆದ ಮೇಲೆ ಬೇರೆ ಬಂದಿರಲಿಲ್ಲ.

ಮಾವಿನ ಮರಗಳು ಕಾಯಿ ಕಟ್ಟಿದ್ದ ಕಾಲ. ಮಧ್ಯಾಹ್ನದ ಹೊತ್ತು ಬೊಲೇರೋ ಎಂಬ ಊರಿನ ಕಡೆಯಿಂದ ಚೊಚ್ಚಲ ಬಸುರಿಯೊಬ್ಬಳು ಬಂದಳು. ಮೈ ಬಿಸಿಯಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ನ್ಯಾಸೋಕೋ ಬಗ್ಗಿ ಕೊಳವೆಗೆ ಕಿವಿ ಕೊಟ್ಟರು. ಮಂಡಿ ನೋವಿನಿಂದ ಈಚೆಗೆ ಅವರು ಬಗ್ಗುವಾಗ ಮಂಚದ ಅಂಚು ಹಿಡಿಯುತ್ತಿದ್ದರು. ತಾಯಿಯ ಮಣಿಕಟ್ಟು ಹಿಡಿಯಬೇಕಾದ ಕೈ ಅದು. ದೂರದಿಂದ ಬಂದಂಥ ಒಂದು ಬಡಿತ ಸಿಕ್ಕಿತು, ವೇಗವಾಗಿತ್ತು, ಸರಿಯಾಗಿತ್ತು. ಮಗು ಚೆನ್ನಾಗಿದೆ ಎಂದು ಹೇಳಿ, ಅಭ್ಯಾಸದಂತೆ ಕಿಟಕಿಯ ಕಡೆ ತಿರುಗಿ ನಿಂತರು. ಅದೇ ಹೊತ್ತಿಗೆ ಪಕ್ಕದ ವಾರ್ಡಿನಲ್ಲಿ ಬಾಣಂತಿಯೊಬ್ಬಳಿಗೆ ರಕ್ತ ಹೋಗುತ್ತಿದೆ ಎಂದು ವೆಜಿಯನ್ನು ಕರೆದರು. ಅವಳು ಕೊಳವೆ ಮುಟ್ಟದೆ ಓಡಿದಳು.

ಮರಳಿ ಬಂದು ಕೇಳಿದಾಗ ಮಗುವಿನ ಬಡಿತ ಇರಬೇಕಾದದ್ದಕ್ಕಿಂತ ಅರ್ಧದಷ್ಟಾಗಿತ್ತು. ನ್ಯಾಸೋಕೋ ಕೇಳಿದ್ದು ತಾಯಿಯ ಎದೆಬಡಿತವನ್ನು. ನೀರೊಡೆದಾಗ ಅದು ಹಸಿರಾಗಿತ್ತು, ಮಗು ಒಳಗೇ ಕಷ್ಟದಲ್ಲಿದೆ ಎಂಬುದರ ಗುರುತು. ವೈದ್ಯಾಧಿಕಾರಿ ಓಡಿ ಬಂದು ಮಗುವಿನ ತಲೆಗೆ ಗಾಳಿ ಹೀರಿ ಹಿಡಿಯುವ ಬಟ್ಟಲು ಕೂರಿಸಿ ಎಳೆದು ತೆಗೆದರು. ಗಂಡು ಮಗು, ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಅದನ್ನು ಎತ್ತಿಕೊಂಡದ್ದು ನ್ಯಾಸೋಕೋ. ಬಾಯಿ ಒರೆಸಿ, ತಲೆಯನ್ನು ಎಷ್ಟು ಬೇಕೋ ಅಷ್ಟೇ ಹಿಂದಕ್ಕೆ ವಾಲಿಸಿ, ಪುಟ್ಟ ಗಾಳಿಚೀಲವನ್ನು ಎರಡು ಬೆರಳಿನಲ್ಲಿ ಒತ್ತುತ್ತ ಹೋದರು. ಅವರ ಮುಖದಲ್ಲಿ ಆತುರವಿರಲಿಲ್ಲ. ಗೋಡೆಯ ಈಚೆಗೆ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ನಮಗೆ ಗಾಳಿಚೀಲದ ಸದ್ದಷ್ಟೇ ಕೇಳಿಸುತ್ತಿತ್ತು. ಆಮೇಲೆ ಮಗು ಕೆಮ್ಮಿತು, ಅತ್ತಿತು.

ಮಗು ಉಳಿಯಿತು. ಆದರೆ ಸಂಜೆಯೊಳಗೆ ವಿಷಯ ಮೇಟ್ರನ್ ಕೋಣೆಗೆ ಹೋಗಿತ್ತು. ಕಿರಿಯ ವಯಸ್ಸಿನ ವೈದ್ಯಾಧಿಕಾರಿ ನೇರವಾಗಿ ಹೇಳಿದರು: ನ್ಯಾಸೋಕೋ ಅವರನ್ನು ಹಾಸಿಗೆ ಬಟ್ಟೆ ಮಡಿಸುವ ಕೋಣೆಗೆ ಹಾಕಿ, ಇಲ್ಲವೇ ನಿವೃತ್ತಿ ಕೊಟ್ಟು ಕಳಿಸಿ, ಇನ್ನೊಂದು ಮಗು ಹೀಗೆ ಉಳಿಯುವುದಿಲ್ಲ. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ತವೊಂಗಾ ವೆಜಿಯನ್ನು ಕರೆಸಿದರು. ಹುಡುಗಿ ಮಂಡಿಯೂರಿ ನೆಲ ನೋಡುತ್ತ ಕೂತಳು. ನ್ಯಾಸೋಕೋ ಅಮ್ಮ ಕೇಳಿದ ಮೇಲೆ ನಾವೂ ಒಂದು ಸಲ ಕೇಳುತ್ತೇವೆ ಎಂದಳು. ಯಾವಾಗಿನಿಂದ ಎಂದರೆ, ಹಿಂದಿನ ಮಳೆಗಾಲಕ್ಕಿಂತ ಮುಂಚಿನಿಂದ ಎಂದಳು.

‘ನನಗ್ಯಾಕೆ ಹೇಳಲಿಲ್ಲ?’

‘ಯಾರು ಹೇಳ್ತಾರೆ ಅಮ್ಮಾ? ನೀವಾಗಿದ್ರೆ ಹೇಳ್ತಿದ್ರಾ?’

ತವೊಂಗಾ ಹುಡುಗಿಯನ್ನು ಕೆಲಸಕ್ಕೆ ಕಳಿಸಿದರು. ಅವರ ಇಬ್ಬರು ಮಕ್ಕಳನ್ನೂ ಹೊರಗೆ ತಂದದ್ದು ನ್ಯಾಸೋಕೋ ಕೈಗಳೇ.

ಬಟ್ಟೆ ಕೋಣೆಗೆ ಹಾಕುವುದು ಸುಲಭವಾಗಿತ್ತು. ಆದರೆ ವಾರ್ಡಿನಲ್ಲಿ ಉಳಿಯುವವರು ಯಾರು? ಕಲಿತ ಹುಡುಗಿಯರು ಲಿಲೋಂಗ್ವೆಗೆ, ಅಲ್ಲಿಂದ ವಿಮಾನ ಹತ್ತಿ ಇನ್ನೆಲ್ಲಿಗೋ ಹೋಗುತ್ತಾರೆ. ಖಾಲಿಯಾದ ಜಾಗ ಖಾಲಿಯೇ ಇರುತ್ತದೆ. ಉಳಿದವರು ಒಂದೇ ಕಾಲಕ್ಕೆ ಕೆಲಸಕ್ಕೆ ಸೇರಿದವರು, ಒಂದೇ ಕಾಲಕ್ಕೆ ನರೆತವರು. ಇವತ್ತು ನ್ಯಾಸೋಕೋ, ನಾಳೆ ಶಸ್ತ್ರಚಿಕಿತ್ಸೆ ಕೋಣೆಯ ನರ್ಸ್, ನಾಡಿದ್ದು ಆಂಬ್ಯುಲೆನ್ಸ್ ಡ್ರೈವರ್. ಒಬ್ಬೊಬ್ಬರನ್ನೇ ಬಟ್ಟೆ ಕೋಣೆಗೆ ಕಳಿಸುತ್ತ ಹೋದರೆ ಕೊನೆಗೆ ಆಸ್ಪತ್ರೆಯಲ್ಲಿ ಬಟ್ಟೆ ಮಡಿಸುವವರೇ ಉಳಿಯುತ್ತಾರೆ ಎಂದು ತವೊಂಗಾ ಆಮೇಲೆ ನಮ್ಮೊಂದಿಗೆ ಹೇಳಿದರು. ಅವರಿಗೆ ಬೇಕಾಗಿದ್ದದ್ದು ನ್ಯಾಸೋಕೋ ಹೋಗುವುದಲ್ಲ. ಆ ಕಿವಿಯನ್ನು ಯಾರೂ ನಂಬದಿರುವುದು. ಇದನ್ನು ನ್ಯಾಸೋಕೋಗೆ ಹೇಳಬೇಕಿತ್ತು. ಹೇಳಿದ ಮೇಲೂ ಅವರು ತಲೆಯೆತ್ತಿಕೊಂಡು ವಾರ್ಡಿಗೆ ಬರುವಂತಿರಬೇಕಿತ್ತು. ಮಗಳ ಸಮಾನಳಾದ ತಾನು ಎದುರು ಕೂತು ಹೇಳಿದರೆ ಅದು ಆಗುವ ಮಾತಲ್ಲ.

ಎರಡು ದಿನ ಯೋಚಿಸಿ ತವೊಂಗಾ ಡ್ರೈವರ್ ಕಯೀರಾನನ್ನು ಕರೆಸಿದರು. ಕಯೀರಾ ನ್ಯಾಸೋಕೋಗಿಂತ ಒಂದು ವರ್ಷ ಹಿರಿಯ. ಆಂಬ್ಯುಲೆನ್ಸ್ ಓಡಿಸುವುದು ಅವನ ಸಂಬಳದ ಕೆಲಸ. ಅವನ ನಿಜವಾದ ಹೆಮ್ಮೆ ಥೆಂಗಾ ಆಗಿ ಹೋಗುವುದರಲ್ಲಿ. ಹೆಣ್ಣು ಕೇಳಲು ಗಂಡಿನ ಮನೆಯವರು ತಾವೇ ಹೋಗುವುದಿಲ್ಲವಲ್ಲ, ಥೆಂಗಾನನ್ನು ಕಳಿಸುತ್ತಾರೆ. ಕಷ್ಟದ ಮಾತುಗಳೆಲ್ಲ ಅವನ ಬಾಯಲ್ಲಿ ಹೋಗಿ ಅವನ ಬಾಯಲ್ಲೇ ಬರುತ್ತವೆ. ಎರಡು ಮನೆಯವರ ಮುಖವೂ ಕೆಡುವುದಿಲ್ಲ. ಆಸ್ಪತ್ರೆಯಿಂದ ನರ್ಸೊಬ್ಬರ ಮನೆಗೆ ಥೆಂಗಾ ಹೋದದ್ದನ್ನು ಯಾರೂ ಕೇಳಿರಲಿಲ್ಲ. ಕಯೀರಾ ವಿಷಯ ಕೇಳಿ, ಸ್ವಲ್ಪ ತಲೆ ಕೆರೆದು, ಭಾನುವಾರಕ್ಕೆ ಕೋಟು ಇಸ್ತ್ರಿ ಮಾಡಿಸಿದ.

ಚರ್ಚ್ ಮುಗಿದ ಮೇಲೆ ಸಕ್ಕರೆಯ ಪೊಟ್ಟಣ ಹಿಡಿದು ನ್ಯಾಸೋಕೋ ಮನೆಯ ಅಂಗಳಕ್ಕೆ ಬಂದವನು ನೇರವಾಗಿ ಒಳಗೆ ಹೋಗಲಿಲ್ಲ. ಥೆಂಗಾ ಕೂರುವಂತೆ ಅಂಚಿನಲ್ಲಿ ಕೂತು ಕೆಮ್ಮಿದ. ಮೇಷ್ಟ್ರು ಅವನ ಕೋಟನ್ನೂ ಪೊಟ್ಟಣವನ್ನೂ ನೋಡಿದರು.

‘ಏನಯ್ಯಾ, ಹೆಣ್ಣು ಕೇಳೋಕೆ ಬಂದ ಹಾಗಿದೆ? ಈ ಮನೇಲಿ ಉಳಿದಿರೋದು ಒಬ್ಬಳೇ. ಅವಳಿಗೆ ಗಂಡ ಇದ್ದಾನೆ, ಇನ್ನೂ ಸತ್ತಿಲ್ಲ.’

‘ಗಂಡ ಇದ್ರೆ ಇರಲಿ ಬಿಡಿ ಮೇಷ್ಟ್ರೇ, ನಮ್ಮ ಕಡೆಯವರು ಅಷ್ಟೆಲ್ಲ ನೋಡಲ್ಲ,’ ಎಂದ ಕಯೀರಾ.

ನ್ಯಾಸೋಕೋ ಕುಂಬಳದ ಎಲೆಗೆ ಕಡಲೆಕಾಯಿ ಪುಡಿ ಹಾಕಿ ಬೇಯಿಸುತ್ತಿದ್ದವರು ಬಂದು ಚಾಪೆಯ ಮೇಲೆ ಕೂತರು. ಕಯೀರಾ ಮಳೆಯ ಮಾತಾಡಿದ, ತಂಬಾಕಿನ ಸಸಿಯ ಮಾತಾಡಿದ, ತನ್ನ ಮೊಮ್ಮಗಳ ಹಲ್ಲಿನ ಮಾತಾಡಿದ. ಆಮೇಲೆ ದನಿ ಏರಿಸಿ, ಅವರ ಎಡಕ್ಕಲ್ಲ, ಎದುರಿಗೆ ಬಂದು ಕೂತು ಹೇಳಿದ:

‘ಆಸ್ಪತ್ರೆ ನನ್ನನ್ನ ಕಳಿಸಿದೆ, ನ್ಯಾಸೋಕೋ. ನಿಮ್ಮ ಕೈ ಬೇಕಂತೆ, ನಿವೃತ್ತಿ ಆಗೋ ತನಕ, ಆದ ಮೇಲೂ ಬೇಕಂತೆ. ಕಿವಿ ಮಾತ್ರ ನಿಮಗೇ ಇರಲಿ ಅಂದ್ರು. ಅದನ್ನ ಮನೇಲಿ ಬಿಟ್ಟು ಬನ್ನಿ ಅಂದ್ರು.’

ಮೇಷ್ಟ್ರು ಎದ್ದುಹೋಗಿ ರೇಡಿಯೋ ಆರಿಸಿದರು. ನ್ಯಾಸೋಕೋ ಸೊಂಟಕ್ಕೆ ಸುತ್ತಿದ್ದ ಚಿತೆಂಜೆ ಬಟ್ಟೆಯ ಅಂಚನ್ನು ಮಡಿಸಿ ಬಿಡಿಸಿ ಮಾಡುತ್ತ ಕೂತಿದ್ದರು.

‘ನಂಗೆ ಗೊತ್ತಿಲ್ಲ ಅಂದ್ಕೊಂಡ್ರಾ ಎಲ್ಲರೂ?’ ಎಂದರು ಕೊನೆಗೆ. ‘ವೆಜಿ ನನ್ನ ಹಿಂದೆ ಕೇಳ್ತಾಳೆ ಅಂತ ನಂಗೆ ಗೊತ್ತು. ಅದಕ್ಕೇ ಅಲ್ವಾ ನಾನು ಕಿಟಕಿ ಕಡೆ ತಿರುಗ್ತಿದ್ದದ್ದು. ಹುಡುಗಿ ನಾಚ್ಕೋಬಾರದು ಅಂತ. ಆ ದಿನಾನೂ ತಿರುಗಿದ್ದೆ. ಅವಳು ಅಲ್ಲಿಲ್ಲ ಅನ್ನೋದು ನಂಗೆ ಕೇಳಿಸಲಿಲ್ಲ.’

ಹೀಗಿತ್ತು ವಿಷಯ. ಹುಡುಗಿ ಹಿರಿಯರ ಮರ್ಯಾದೆ ಕಾಯಲು ಕದ್ದು ಕೇಳುತ್ತಿದ್ದಳು. ಹಿರಿಯರು ಹುಡುಗಿಯ ಸಂಕೋಚ ಕಾಯಲು ಬೆನ್ನು ಕೊಡುತ್ತಿದ್ದರು. ಇಬ್ಬರ ಒಳ್ಳೆಯತನದ ನಡುವೆ ಒಂದು ಮಗು ಜಾರಿಬೀಳುವುದರಲ್ಲಿತ್ತು.

ಥೆಂಗಾ ಮೊದಲ ದಿನವೇ ಉತ್ತರ ಕೇಳುವಂತಿಲ್ಲ. ಕಯೀರಾ ಊಟ ಮಾಡಿ ಹೊರಟ. ಆ ವಾರ ನ್ಯಾಸೋಕೋ ವಾರ್ಡಿಗೆ ಬರಲಿಲ್ಲ, ಮಕ್ಕಳ ತೂಕ ನೋಡುವ ಮರದ ಕೆಳಗೆ ಕೂತು ತಕ್ಕಡಿ ಹಿಡಿದರು. ಅದನ್ನು ಕಂಡು ತವೊಂಗಾಗೆ ಉತ್ತರ ಬಂದೇಬಿಟ್ಟಿತು ಎನಿಸಿತು. ಅವರು ದಿನಾ ಕಿಟಕಿಯಿಂದ ಆ ಮರದ ಕಡೆ ನೋಡುವುದನ್ನು ನಾವು ನೋಡುತ್ತಿದ್ದೆವು. ಹೆರಿಗೆ ವಾರ್ಡಿನಲ್ಲಿ ವೆಜಿ ಒಬ್ಬಳೇ ಓಡಾಡಿದಳು. ಹೊಟ್ಟೆಯಲ್ಲಿ ಅಡ್ಡ ಮಲಗಿದ್ದ ಮಗುವೊಂದನ್ನು ಹೊರಗಿನಿಂದ ತಿರುಗಿಸಲು ಅವಳ ಕೈಯಲ್ಲಿ ಆಗಲಿಲ್ಲ. ಅಂದು ವೈದ್ಯಾಧಿಕಾರಿ ಊರಲ್ಲಿರಲಿಲ್ಲ, ಆ ತಾಯಿಯನ್ನು ರುಂಫಿಯ ದೊಡ್ಡ ಆಸ್ಪತ್ರೆಗೆ ಕಳಿಸಬೇಕಾಯಿತು. ಆ ಕೆಲಸ ನ್ಯಾಸೋಕೋ ಮಾತಾಡುತ್ತ ಮಾತಾಡುತ್ತ ಮಾಡುತ್ತಿದ್ದಂಥದ್ದು.

ಮುಂದಿನ ಭಾನುವಾರ ಕಯೀರಾ ಉತ್ತರ ತಂದ. ಹೆಣ್ಣಿನ ಕಡೆಯವರು ಒಪ್ಪಿದ್ದಾರೆ, ಆದರೆ ಷರತ್ತು ಹಾಕಿದ್ದಾರೆ ಎಂದು ಗಂಭೀರವಾಗಿ ಹೇಳಿದ. ಷರತ್ತು ಒಂದೇ: ಇನ್ನು ಬೆನ್ನ ಹಿಂದೆ ಯಾರೂ ಕೇಳಬಾರದು. ವೆಜಿ ಕೇಳಲಿ, ಕೇಳಿದ್ದನ್ನು ನನ್ನ ಮುಖ ನೋಡಿ, ನನಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಲಿ. ಅದಾಗದಿದ್ದರೆ ನನಗೆ ತಕ್ಕಡಿಯೇ ಸರಿ.

ಇದು ಮಾಡಬಹುದಾದ ಕೆಲಸದಂತೆ ಕಂಡಿತು, ಮಾಡಿ ನೋಡುವ ತನಕ. ಮೊದಲ ದಿನ ವೆಜಿ ಕೊಳವೆಗೆ ಕಿವಿ ಕೊಟ್ಟು, ಎದ್ದು, ಅಂಕಿಯನ್ನು ತನ್ನ ಚಪ್ಪಲಿಗೆ ಹೇಳಿದಳು. ಎರಡನೆಯ ದಿನ ಗೋಡೆಗೆ ಹೇಳಿದಳು. ಮಂಚದ ಮೇಲಿದ್ದ ಆರು ಮಕ್ಕಳ ತಾಯಿ ನೋವಿನ ನಡುವೆಯೇ ರೇಗಿ, ಗಟ್ಟಿಯಾಗಿ ಹೇಳಮ್ಮಾ, ನಂಗೂ ಕೇಳಬೇಕು ಎಂದಳು. ಹಿರಿಯರ ಮುಖಕ್ಕೆ ಅಂಕಿ ಹೇಳುವುದೆಂದರೆ, ನಿಮ್ಮ ಕಿವಿ ಹೋಗಿದೆ ಎಂದು ಪ್ರತಿ ಅರ್ಧ ಗಂಟೆಗೂ ಹೇಳಿದ ಹಾಗೆ ಎಂದು ಅವಳು ತವೊಂಗಾ ಮುಂದೆ ಅತ್ತಳಂತೆ.

ಅಂದು ಊಟಕ್ಕೆ ನರ್ಸುಗಳ ಕೋಣೆಯಲ್ಲಿ ಸಿಮಾ ಎಂಬ ಮೆಕ್ಕೆಜೋಳದ ಮುದ್ದೆ, ಉಸಿಪಾ ಮೀನು. ವೆಜಿ ಎಂದಿನಂತೆ ಚೆಂಬು ಬೋಗುಣಿ ಹಿಡಿದು ಬಂದು ನ್ಯಾಸೋಕೋ ಮುಂದೆ ಮಂಡಿಯೂರಿದಳು, ಕೈ ತೊಳೆಯಲು ನೀರು ಹೊಯ್ದಳು. ನ್ಯಾಸೋಕೋ ಕೈ ಹಿಂದಕ್ಕೆ ತೆಗೆಯಲಿಲ್ಲ.

‘ನೀರು ತರ್ತೀಯಲ್ಲ, ನನ್ನ ಕೈ ಕೊಳಕಾಗಿದೆ ಅಂತ ಹೇಳೋಕೆ ತರ್ತೀಯಾ?’

‘ಇಲ್ಲಮ್ಮಾ.’

‘ಮತ್ತೆ?’

‘ನೀವು ಊಟ ಮಾಡಬೇಕಲ್ಲಾ.’

‘ನಾನು ಕೆಲಸಾನೂ ಮಾಡಬೇಕಲ್ಲೇ. ಅಂಕಿನೂ ಹಿಂಗೇ ತಗೊಂಡು ಬಾ.’

ಮಧ್ಯಾಹ್ನ ವೆಜಿ ಮಂಚದ ಪಕ್ಕ ಮಂಡಿಯೂರಿ ಕೂತು ಕೇಳಿದಳು. ಹಾಗೆ ಕೂತರೆ ಕಿವಿಯೂ ಸರಿಯಾಗಿ ಕೊಳವೆಗೆ ಹೊಂದುತ್ತದೆ, ಬೆನ್ನೂ ನೋಯುವುದಿಲ್ಲ. ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ಕೂತಲ್ಲಿಂದಲೇ ಮುಖ ಎತ್ತಿ, ಎರಡೂ ಅಂಗೈ ಜೋಡಿಸಿ ಏನನ್ನೋ ಒಪ್ಪಿಸುವಂತೆ ಮುಂದೆ ಚಾಚಿ, ‘ನೂರ ನಲವತ್ತು, ಅಮ್ಮಾ’ ಎಂದಳು. ಗೋಡೆಯ ಈಚೆಗೆ ನಮಗೂ ಕೇಳಿಸಿತು. ನ್ಯಾಸೋಕೋ ತಲೆದೂಗಿ ಸ್ವೀಕರಿಸಿದರು.

ಅಲ್ಲಿಂದ ಹೆರಿಗೆ ವಾರ್ಡಿನ ಕ್ರಮವೇ ಹಾಗಾಯಿತು. ಕೈ ಒಬ್ಬರದು, ಕಿವಿ ಇನ್ನೊಬ್ಬರದು. ತವೊಂಗಾ ನ್ಯಾಸೋಕೋ ಅವರಿಗೆ ಒಂದು ಎತ್ತರದ ಸ್ಟೂಲು ಮಾಡಿಸಿದರು, ರಾತ್ರಿ ಪಾಳಿ ತೆಗೆದರು. ಹೊಸ ಯಂತ್ರಕ್ಕೂ ಬರೆದಿದ್ದಾರೆ, ಇನ್ನೂ ಬಂದಿಲ್ಲ. ಆಮೇಲೆ ಉಳಿದ ಹಿರಿಯರನ್ನೂ ಒಬ್ಬೊಬ್ಬರನ್ನಾಗಿ ನೋಡತೊಡಗಿದರು. ಯಾವ ಭಾಗ ಸವೆದಿದೆ, ಅದನ್ನು ಯಾರ ಜೊತೆ ಜೋಡಿಸಬಹುದು ಎಂದು. ಎಲ್ಲರೂ ಒಪ್ಪಲಿಲ್ಲ. ಔಷಧ ಕೋಣೆಯ ಮುದುಕರು ಕನ್ನಡಕ ಹಾಕುವುದಿಲ್ಲ ಎಂದು ಹಟ ಹಿಡಿದು ಮನೆಗೆ ಹೋದರು. ಶಸ್ತ್ರಚಿಕಿತ್ಸೆ ಕೋಣೆಯ ನರ್ಸ್ ಮಾತ್ರ ಯಾರೂ ಕೇಳುವ ಮೊದಲೇ ಬಂದು ತಮ್ಮ ನಡುಗುವ ಕೈ ತೋರಿಸಿದರು. ಈಗ ಅವರು ಸಲಕರಣೆ ಜೋಡಿಸುವುದನ್ನು ಕಲಿಸುತ್ತಾರೆ.

ಕಯೀರಾನ ವಿಷಯ ಎಲ್ಲಕ್ಕಿಂತ ಕಷ್ಟವಾಯಿತು. ಕತ್ತಲಾದ ಮೇಲೆ ಎದುರಿನ ಲಾರಿಯ ದೀಪ ಬಿದ್ದರೆ ಅವನಿಗೆ ರಸ್ತೆ ಕಾಣುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಹೇಳುವವರಿಲ್ಲ. ಥೆಂಗಾನ ಮನೆಗೇ ಥೆಂಗಾ ಹೋಗಬೇಕಾಯಿತು. ಒಂದು ಭಾನುವಾರ ನ್ಯಾಸೋಕೋ ಸಕ್ಕರೆಯ ಪೊಟ್ಟಣ ಹಿಡಿದು ಅವನ ಅಂಗಳದ ಅಂಚಿನಲ್ಲಿ ಕೂತು ಕೆಮ್ಮಿದರು. ಪೊಟ್ಟಣ ನೋಡಿದ ಕೂಡಲೇ ಅವನು ನಕ್ಕುಬಿಟ್ಟ.

‘ಕಣ್ಣು ನಂಗೇ ಇರಲಿ ಅಂದ್ರಾ?’

‘ಹಗಲು ಹೊತ್ತು ಗಾಡಿ ನಿಂದೇ ಅಂದಿದ್ದಾರೆ. ಉತ್ತರ ಈಗಲೇ ಬೇಡ ಅಣ್ಣಾ, ಮುಂದಿನ ವಾರ ಬರ್ತೀನಿ. ಊಟಕ್ಕೆ ಕೋಳಿ ಮಾಡಿಸು.’

ನಿಜವಾದ ಪರೀಕ್ಷೆ ಬಂದದ್ದು ಮೆಕ್ಕೆಜೋಳ ತೆನೆ ಕಟ್ಟುವ ಹೊತ್ತಿಗೆ, ಒಂದು ಬೆಳಿಗ್ಗೆ. ಮಳೆ ನಿಂತು ಬಿಸಿಲು ಬಂದಿತ್ತು. ನೋವು ಹತ್ತಿದ್ದ ಹೆಂಗಸು ಆರಾಮವಾಗಿದ್ದಳು. ನ್ಯಾಸೋಕೋ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, ಎಲ್ಲ ಸರಿಯಿದೆ, ಮಧ್ಯಾಹ್ನಕ್ಕೆ ಮಗು ಎಂದಿದ್ದರು. ವೆಜಿ ಮಂಡಿಯೂರಿ ಕೇಳಿದಳು. ಕೈಯಲ್ಲಿ ತಾಯಿಯ ಮಣಿಕಟ್ಟಿತ್ತು. ಇನ್ನೊಮ್ಮೆ ಕೇಳಿದಳು. ಹಿಂದಿನ ವರ್ಷವಾಗಿದ್ದರೆ ಬೇರೇನಾದರೂ ನೆವ ಹುಡುಕುತ್ತಿದ್ದಳು. ಈಗ ಎಲ್ಲ ಸರಿಯಿದೆ ಎಂದು ಹಿರಿಯರು ವಾರ್ಡಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿಯಾಗಿತ್ತು, ಅವಳ ಕಿವಿಯಲ್ಲಿದ್ದದ್ದು ಅದಕ್ಕೆ ವಿರುದ್ಧವಾಗಿತ್ತು. ಅವಳು ಮುಖ ಎತ್ತಿದಳು, ಅಂಗೈ ಚಾಚಿದಳು.

‘ತೊಂಬತ್ತು, ಅಮ್ಮಾ. ತಾಯಿದಲ್ಲ. ಮಗುವಿಂದು.’

‘ತಂದ್ಯಾ? ಆಯ್ತು,’ ಎಂದರು ನ್ಯಾಸೋಕೋ.

ಅಷ್ಟೇ. ಆಮೇಲೆ ಅವರ ಕೈಗಳೇ ಕೆಲಸ ಮಾಡಿದವು. ತಾಯಿಯನ್ನು ಎಡಕ್ಕೆ ಹೊರಳಿಸಿದರು, ಒಳಗೆ ನೋಡಿದರು, ಹೊಕ್ಕುಳ ಬಳ್ಳಿ ತಲೆಯ ಪಕ್ಕ ಜಾರುತ್ತಿರುವುದು ಬೆರಳಿಗೆ ಸಿಕ್ಕಿತು. ಬಳ್ಳಿ ಅದುಮಿಹೋಗದಂತೆ ಮಗುವಿನ ತಲೆಯನ್ನು ಎರಡು ಬೆರಳಿನಲ್ಲಿ ಮೇಲಕ್ಕೆ ಒತ್ತಿ ಹಿಡಿದರು. ಶಸ್ತ್ರಚಿಕಿತ್ಸೆ ಕೋಣೆಯವರೆಗೂ ಮಂಚದ ಜೊತೆಗೇ ನಡೆದರು, ಮಂಡಿ ನೋವು ಮರೆತವರ ಹಾಗೆ, ಬೆರಳು ತೆಗೆಯದೆ. ವೆಜಿ ಪಕ್ಕದಲ್ಲಿ ಓಡುತ್ತ, ನಿಂತಲ್ಲೆಲ್ಲ ಕೇಳುತ್ತ, ಅಂಕಿ ಒಪ್ಪಿಸುತ್ತಿದ್ದಳು. ನೂರಾ ಹತ್ತು. ನೂರಾ ಇಪ್ಪತ್ತು. ಅವಳ ದನಿ ಓಣಿಯ ತುದಿಯವರೆಗೂ ಕೇಳಿಸುತ್ತಿತ್ತು.

ಹೆಣ್ಣು ಮಗು. ಹುಟ್ಟಿದ ಕೂಡಲೇ ಅತ್ತಿತು. ಅತ್ತದ್ದು ಕೇಳಿಸಿತಾ ಅಮ್ಮಾ ಎಂದು ವೈದ್ಯಾಧಿಕಾರಿ ಕೇಳಿದರೆ, ಇದೊಂದು ಕೇಳಿಸುತ್ತೆ, ಇನ್ನೂ ಕೇಳಿಸುತ್ತೆ ಎಂದರು ನ್ಯಾಸೋಕೋ.

ಹೊರಗೆ ನಲ್ಲಿಯಲ್ಲಿ ಆ ದಿನ ನೀರಿರಲಿಲ್ಲ. ಗೋಡೆಯ ಪಕ್ಕ ಬಕೆಟ್ಟಿನಲ್ಲಿ ತುಂಬಿಟ್ಟಿದ್ದರು. ಮಗುವನ್ನು ಎತ್ತಿಕೊಂಡಿದ್ದ ವೆಜಿಯ ಕೈ ಮೊಳಕೈವರೆಗೆ ರಕ್ತವಾಗಿತ್ತು. ಅವಳು ಚೆಂಬು ಹುಡುಕುವಷ್ಟರಲ್ಲಿ ಅದು ನ್ಯಾಸೋಕೋ ಕೈಯಲ್ಲಿತ್ತು. ಹುಡುಗಿ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದಳು. ಅಡುಗೆ ಮಾಡುತ್ತಿದ್ದ ರೋಗಿಗಳ ಕಡೆಯ ಹೆಂಗಸರು ಸೌಟು ಹಿಡಿದುಕೊಂಡೇ ನೋಡುತ್ತಿದ್ದರು.

‘ಚಾಚೇ ಕೈ,’ ಎಂದರು ನ್ಯಾಸೋಕೋ. ‘ಮಂಡಿ ಊರ್ತೀನಿ ಅಂತ ಮಾತ್ರ ಕಾಯಬೇಡ. ಊರಿದ್ರೆ ಎತ್ತೋಕೆ ಕಯೀರಾ ಗಾಡಿ ತರಬೇಕಾಗುತ್ತೆ.’

ವೆಜಿ ಕೈ ಚಾಚಿದಳು. ನೀರು ಬಿತ್ತು.